ದೂರ ಅಂದರೆ ಎಷ್ಟು ದೂರ

ಗೌಸಬಿಗೆ ಸಿಟ್ಟು ಬಂದರೆ ದನಿ ಏರುತ್ತಿರಲಿಲ್ಲ, ಇಳಿಯುತ್ತಿತ್ತು. ಮುಂಡರಗಿಯಲ್ಲಿ ತಾಮ್ರದ ಪಾತ್ರೆಗಳಲ್ಲಿ ಅಡಿಗೆ ವಿಷವಾಗದಂತೆ ಒಳಗೆ ತವರದ ಕಲಾಯಿ ಹಾಕುತ್ತಿದ್ದ ಯಮನೂರಸಾಬರ ಹಿರಿಯ ಮಗಳು ಆಕೆ. ಗದಗ ಹೊಸ ಜಿಲ್ಲೆಯಾದ ಮರುವರ್ಷ ಅಲ್ಲಿನ ಕಾಲೇಜೊಂದರಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಿತು. ಜೊತೆಗೇ ಪಿಎಚ್‌.ಡಿ.ಗೆ ಹೆಸರು ಹಚ್ಚಿದಳು. ವಿಷಯ ಫಜಿ ಲಾಜಿಕ್, ಅಂದರೆ ಮಸುಕು ತರ್ಕ. ಹೌದು-ಅಲ್ಲಗಳ ನಡುವೆ ಸಿಕ್ಕಿಕೊಂಡ ‘ಸ್ವಲ್ಪ’, ‘ಸುಮಾರು’, ‘ಬಹಳ’ ಎಂಬ ಮಾತುಗಳಿಗೆ ಸೊನ್ನೆಯಿಂದ ಒಂದರವರೆಗೆ ಬೆಲೆ ಕಟ್ಟಿ, ಅವುಗಳಿಂದಲೇ ತೀರ್ಮಾನಕ್ಕೆ ಬರುವ ಗಣಿತ. ಸ್ಟಾಫ್ ರೂಮಿನವರು ಅದನ್ನು ‘ಮೇಡಮ್ಮರ ಅಂದಾಜು ಲೆಕ್ಕ’ ಎಂದು ನಗುತ್ತಿದ್ದರು. ಆಕೆ ನಗುತ್ತಿರಲಿಲ್ಲ.

ಮೂರನೆಯ ವರ್ಷ ಆಕೆಯ ಮಾರ್ಗದರ್ಶಕ ಪ್ರೊಫೆಸರ್ ಕುಬಸದ ಅವರು ಒಂದು ಕೆಲಸ ತಂದರು. ಹೆರಿಗೆ ಕೇಂದ್ರವೊಂದನ್ನು ಯಾವ ಹಳ್ಳಿಯಲ್ಲಿ ಕಟ್ಟಬೇಕೆಂದು ಹೇಳಲು ಒಂದು ಸಮಿತಿಯಾಗಿತ್ತು, ಅವರು ಅದರ ಸಲಹೆಗಾರರು. “ನಿನ್ನ ಪದ್ಧತಿ ಹಚ್ಚಿ ನೋಡು” ಎಂದರು. ಗೌಸಬಿ ರಜೆ ಹಾಕಿ ಎಂಟು ಹಳ್ಳಿ ತಿರುಗಿದಳು. ಕಪ್ಪತಗುಡ್ಡದ ಬುಡದ ಒಂದು ಊರಿನಲ್ಲಿ ಉಡಚವ್ವ ಎಂಬ ಸೂಲಗಿತ್ತಿಯನ್ನು ದವಾಖಾನೆ ಎಷ್ಟು ದೂರ ಎಂದು ಕೇಳಿದಳು.

“ಬ್ಯಾಸಗ್ಯಾಗ ಹತ್ರ ಐತಿ ಯವ್ವಾ. ಮಳಿಗಾಲದಾಗ ಹಳ್ಳ ಬಂದ್ರ ದೂರ. ಬ್ಯಾನಿ ಹತ್ತಿದಾಕಿಗೆ ಕಾಶಿಗಿಂತ ದೂರ.”

ಕಿಲೋಮೀಟರಿನಲ್ಲಿ ಹಿಡಿಯಲಾಗದ ಈ ಮಾತನ್ನು ಹಿಡಿಯಲೆಂದೇ ತನ್ನ ಗಣಿತ ಇರುವುದು ಎಂದು ಗೌಸಬಿಗೆ ಅಂದು ಖಾತ್ರಿಯಾಯಿತು. ಮುನ್ನೂರು ಹೆಂಗಸರ ಮಾತು ಬರೆದುಕೊಂಡಳು. ತಲುಪುವ ಕಷ್ಟಕ್ಕೆ ಹತ್ತರಲ್ಲಿ ಐದು ಪಾಲು, ಹೆರಿಗೆಗಳ ಸಂಖ್ಯೆಗೆ ನಾಲ್ಕು, ಕಟ್ಟಡ ಕಟ್ಟುವ ಅನುಕೂಲಕ್ಕೆ ಒಂದು ಪಾಲು ತೂಕವಿಟ್ಟಳು. ಉಡಚವ್ವನ ಊರು ಮೊದಲು ಬಂತು. ಲೆಕ್ಕವನ್ನು ಕುಬಸದರ ಕೈಗೆ ಕೊಟ್ಟಳು.

ಅಚ್ಚಾದ ವರದಿಯಲ್ಲಿ ಅದು ಐದನೆಯದಾಗಿತ್ತು. ಮೊದಲನೆಯದು ಡಾಂಬರು ರಸ್ತೆಯ ಮೇಲಿನ, ಸಮಿತಿಯ ಅಧ್ಯಕ್ಷರ ಊರು. ಕಟ್ಟಡದ ಅನುಕೂಲಕ್ಕೆ ಆರು ಪಾಲು ತೂಕ ಬಿದ್ದಿತ್ತು. ಮುಖಪುಟದಲ್ಲಿ ಆಕೆಯದೇ ಹೆಸರು.

ಗೌಸಬಿ ನೇರವಾಗಿ ಕುಬಸದರ ಕೋಣೆಗೆ ಹೋದಳು. “ಸರ್, ತೂಕ ಬದಲಿ ಮಾಡಿದವರು ಯಾರ್ರಿ?”

“ನಾನ. ಅದಕ್ಯಾಕ ಇಷ್ಟು ಸಿಟ್ಟು? ನಿನ್ನ ಗಣಿತಾನ ಮಸುಕಿಂದು. ಸ್ವಲ್ಪ ಆಕಡಿ ಈಕಡಿ ಆದ್ರ ಏನಾತು?”

ಆಕೆಯ ದನಿ ತಳಕ್ಕಿಳಿಯಿತು. “ಮಸುಕು ಇರೂದು ಜನರ ಮಾತಿನಾಗ್ರಿ, ಸರ್. ಲೆಕ್ಕದಾಗ ಅಲ್ಲ. ನನ್ನ ಹೆಸರು ತಗೀರಿ.”

“ನಿನ್ನ ಪ್ರಬಂಧದ ಮ್ಯಾಲೆ ನನ್ನ ಸಹಿ ಇನ್ನೂ ಬಿದ್ದಿಲ್ಲ, ನೆನಪಿರಲಿ.”

ಮನೆಗೆ ಬಂದು ಅಪ್ಪನೆದುರು ಎಲ್ಲ ಹೇಳಿದಳು. ಯಮನೂರಸಾಬರಿಗೆ ಗಣಿತ ತಿಳಿಯಲಿಲ್ಲ, ಮೋಸ ತಿಳಿಯಿತು. “ತಾಮ್ರ ಕಾಣಾಕತ್ತಿದ ಬೋಗಾಣಿ ಕೊಟ್ಟು ಕಲಾಯಿ ಹಾಕೇನಿ ಅಂದ್ರ, ಉಂಡವರು ಸಾಯ್ತಾರವ್ವಾ. ಹೆಸರು ಹಿಂದಕ್ಕ ತಗೋ.”

ಆಕೆ ಪತ್ರ ಬರೆದು ಹೆಸರು ಹಿಂದಕ್ಕೆ ಪಡೆದಳು. ವರದಿಯ ಬಗ್ಗೆ ಸಮಿತಿ ಮುಂಡರಗಿಯಲ್ಲಿ ಕರೆದ ಸಭೆಗೆ ತಾನೇ ಕರಿಹಲಗೆ ಹೊರಿಸಿಕೊಂಡು ಹೋಗಿ ಎಲ್ಲರೆದುರು ಲೆಕ್ಕ ಬಿಡಿಸಿ ತೋರಿಸಿದಳು. ಹೆಂಗಸರು ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ಚಹಾ ಕುಡಿದು ಎದ್ದುಹೋದರು. ಕೇಂದ್ರ ರಸ್ತೆಯ ಊರಿನಲ್ಲೇ ಎದ್ದಿತು. ಕುಬಸದರು ಆಕೆಯನ್ನು ಕೈಬಿಟ್ಟರು. ನಾಲ್ಕು ವರ್ಷದ ಕೆಲಸ ಕಪಾಟು ಸೇರಿತು.

ಮರುವರ್ಷದ ಮಳೆಗಾಲದಲ್ಲಿ ಉಡಚವ್ವನ ಸೊಸೆಗೆ ಕೂಸು ಅಡ್ಡ ತಿರುಗಿತು. ಹಳ್ಳದ ನೀರು ಇಳಿಯಲೆಂದು ಟ್ರ್ಯಾಕ್ಟರಿನಲ್ಲಿ ಕಾಯುತ್ತ ಕೂತರು. ಸೊಸೆ ಉಳಿದಳು, ಕೂಸು ಉಳಿಯಲಿಲ್ಲ. ಖಬರು ಕೇಳಿ ಹೋದ ಗೌಸಬಿಗೆ ಉಡಚವ್ವ ಕೂರಲೂ ಹೇಳಲಿಲ್ಲ. “ಬರಕೊಂಡು ಹೋದ್ಯಲ್ಲ, ಏನಾತು ಅದು?” ಎಂದಳು.

ಆ ಮಾತು ಆಕೆಯನ್ನು ಮತ್ತೆ ಮೇಜಿಗೆ ಕೂರಿಸಿತು. ದುಃಖದಿಂದ ಬರೆದಳು ಎಂದು ಆಮೇಲೆ ಯಾರೋ ಹೇಳಿದಾಗ “ಸುಳ್ಳು, ಸಿಟ್ಟಿನಿಂದ ಬರದೇನಿ” ಎಂದು ತಿದ್ದಿದಳು. ಬೇರೆ ವಿಶ್ವವಿದ್ಯಾಲಯದಲ್ಲಿ, ಬೇರೆ ಮಾರ್ಗದರ್ಶಕರ ಕೈಕೆಳಗೆ ಮೊದಲಿನಿಂದ ಶುರುಮಾಡಿದಳು. ಪ್ರಶ್ನೆ ಒಂದೇ: ಒಂದು ತೀರ್ಮಾನವನ್ನು ಬುಡಮೇಲು ಮಾಡಲು ತೂಕಗಳನ್ನು ಎಷ್ಟು ಎಳೆದಾಡಬೇಕು? ಆ ಗೆರೆಯನ್ನು ಮೊದಲೇ ಕಂಡುಹಿಡಿಯುವ ಸೂತ್ರಕ್ಕೆ ಐದು ವರ್ಷ ಹಿಡಿಯಿತು. ಎಂಟು ಹಳ್ಳಿಗಳ ಲೆಕ್ಕದಲ್ಲಿ ಆ ಗೆರೆ ನಾಲ್ಕು ಪಾಲಿಗಿತ್ತು. ಅನುಕೂಲದ ತೂಕ ನಾಲ್ಕನ್ನು ದಾಟದೆ ರಸ್ತೆಯ ಊರು ಮೇಲೇರುವುದೇ ಸಾಧ್ಯವಿರಲಿಲ್ಲ.

ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರು ಆ ನಾಲ್ಕರ ಅರ್ಥವೇನೆಂದು ಕೇಳಿದರು. “ಅಲ್ಲೀತನಕ ಭಿನ್ನಾಭಿಪ್ರಾಯ, ಸರ್. ಅದರಾಚೆ ಕಳವು.”

ಪದವಿ ಬಂತು, ಪ್ರಬಂಧ ಹೊರದೇಶದ ಪತ್ರಿಕೆಯಲ್ಲಿ ಅಚ್ಚಾಯಿತು. ಗೌಸಬಿ ಅದರ ಕನ್ನಡ ಸಾರಾಂಶವನ್ನು ಜಿಲ್ಲಾ ಆರೋಗ್ಯ ಕಚೇರಿಗೆ ಕೊಟ್ಟಳು, ಉತ್ತರ ಬಾರದಿದ್ದಾಗ ಮತ್ತೆ ಕೊಟ್ಟಳು, ಹನ್ನೊಂದು ಸಲ ಕೊಟ್ಟಳು. ಕೊನೆಗೆ ಹೊಸದಾಗಿ ಬಂದ ಅಧಿಕಾರಿಯೊಬ್ಬರು ಓದಿದರು. ಗುಡ್ಡದ ಊರಿಗೆ ಎರಡು ಕೋಣೆಯ ಉಪಕೇಂದ್ರ, ಅಲ್ಲೇ ಉಳಿಯುವ ಒಬ್ಬ ನರ್ಸು ಮಂಜೂರಾಯಿತು.

ಉದ್ಘಾಟನೆಯ ದಿನ ವೇದಿಕೆಯಲ್ಲಿ, ಮೊದಲ ಸಮಿತಿಯ ಸಲಹೆಗಾರರೆಂದು, ಕುಬಸದರಿಗೆ ಸನ್ಮಾನವಿತ್ತು. ಗೌಸಬಿಯನ್ನೂ ಮೇಲೆ ಕರೆದರು. ಆಕೆ ಹೆಂಗಸರ ನಡುವೆ ಜಮಖಾನೆಯ ಮೇಲೆ ಕುಳಿತಲ್ಲಿಂದ ಏಳಲಿಲ್ಲ. ಕುಬಸದರು ಮೈಕಿನಲ್ಲಿ “ನಮ್ಮ ವಿದ್ಯಾರ್ಥಿನಿ” ಎಂದಾಗ ಮಾತ್ರ ಎದ್ದು ನಿಂತಳು.

“ಅಲ್ರಿ. ನಾನು ನಿಮ್ಮ ವಿದ್ಯಾರ್ಥಿನಿ ಅಲ್ರಿ” ಎಂದಳು, ಮೈಕಿಲ್ಲದೆ, ತೀರ ಇಳಿದ ದನಿಯಲ್ಲಿ. ಹಿಂದಿನ ಸಾಲಿನವರಿಗೂ ಕೇಳಿಸಿತು. ಪಕ್ಕದಲ್ಲಿದ್ದ ಉಡಚವ್ವ ಸರಿದು ಜಾಗ ಮಾಡಿ, “ಕುಂಡ್ರವ್ವಾ” ಎಂದಳು.