ಮೊಮ್ಮಗಳ ದೆವ್ವವೂ ನನ್ನ ಸಂಜೆದೀಪವೂ

ನನ್ನ ಮೊಮ್ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ಸಂತೋಷಕ್ಕೆ ನನ್ನ ಬಾಯಿ ತಾನಾಗಿ ತೆರೆದುಕೊಳ್ಳುತ್ತದೆ, ಆದರೆ ಮಾತು ಹೊರಡುವುದಿಲ್ಲ. ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಾಗ ಒಬ್ಬಳು ತನ್ನ ಮಗಳು ನರ್ಸು ಎನ್ನುತ್ತಾಳೆ, ಇನ್ನೊಬ್ಬಳು ಸೊಸೆ ಏರ್‌ಪೋರ್ಟಿನಲ್ಲಿದ್ದಾಳೆ ಎನ್ನುತ್ತಾಳೆ. ಕೇಳಿದವರಿಗೆ ತಟ್ಟನೆ ತಿಳಿಯುತ್ತದೆ. ನಮ್ಮ ಸಿಂಚನ ಜನರನ್ನು ಹೆದರಿಸುತ್ತಾಳೆ. ದೆವ್ವದ ಕಥೆ ತಾನೇ ಬರೆದು ತಾನೇ ಸಿನಿಮಾ ತೆಗೆಯುತ್ತಾಳೆ. ಹೀಗೆಂದರೆ ಎದುರಿನವರು 'ಅಯ್ಯೋ ಪಾಪ' ಎನ್ನುವ ಹಾಗೆ ಮುಖ ಮಾಡುತ್ತಾರೆ. ಪಾಪ ಯಾರು, ಅವಳೋ, ಹೆದರುವವರೋ, ನಾನೋ ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೂ ಹೆದರಿಕೆಯ ವಿಚಾರ ನನಗೆ ಗೊತ್ತಿಲ್ಲವೆಂದಲ್ಲ. ಹಸು ಬೆದರುತ್ತದೆ, ಮಗುವಿಗೆ ದಿಗಿಲು ಬೀಳುತ್ತದೆ, ಹೊಸ ಸೊಸೆಗೆ ಅಂಜಿಕೆ ಇರುತ್ತದೆ. ಮೂರೂ ಬೇರೆ ಬೇರೆ, ಮದ್ದೂ ಬೇರೆ. ಹಸುವಿಗೆ ಕೊರಳ ಕೆಳಗೆ ಕೆರೆಯಬೇಕು. ಮಗುವಿಗೆ ಉಪ್ಪು, ಮೆಣಸಿನಕಾಯಿ ನೀವಾಳಿಸಿ ಒಲೆಗೆ ಹಾಕಬೇಕು. ಸೊಸೆಗೆ ಒಂದು ಲೋಟ ಕಾಫಿ ಕೊಟ್ಟು, ನಮ್ಮತ್ತೆ ಎಂಥ ಗಟ್ಟಿಗಿತ್ತಿಯಾಗಿದ್ದರು ಎಂದು ಹೇಳಬೇಕು. ಆಗ ಅವರಿಗಿಂತ ನಾನೇ ವಾಸಿ ಎನ್ನಿಸಿ ಅವಳಿಗೆ ಧೈರ್ಯ ಬರುತ್ತದೆ. ಬದುಕೆಲ್ಲ ಕಂಡವರ ಹೆದರಿಕೆ ತೆಗೆಯುತ್ತಾ ಬಂದವಳು ನಾನು. ನನ್ನ ಮೊಮ್ಮಗಳು ನೋಡಿದರೆ ಆರಾಮಾಗಿರುವವರಿಗೆ ಹೆದರಿಕೆ ಹಾಕುತ್ತಾಳೆ. ಅವರೂ ಟಿಕೆಟ್ಟು ಕೊಂಡು ಕತ್ತಲಲ್ಲಿ ಕೂತು ಕಿರುಚಿ, ಹೊರಗೆ ಬಂದು ನಗುನಗುತ್ತಾ ಪಾನಿಪೂರಿ ತಿನ್ನುತ್ತಾರಂತೆ. ಹೆದರಿದವರಿಗೆ ಹಸಿವಾಗುವುದನ್ನು ನಾನು ಎಲ್ಲೂ ಕಂಡಿಲ್ಲ.

ಸಿಂಚನ ಯಾವ ಕಥೆ ಬರೆದರೂ ಮೊದಲು ನನಗೆ ಹೇಳುತ್ತಾಳೆ. ನಾನು ಅವರೆಕಾಯಿ ಸುಲಿಯುತ್ತಿರುತ್ತೇನೆ, ಅವಳು ಎದುರಿಗೆ ಕೂತು ದನಿ ತಗ್ಗಿಸಿ ಶುರುಮಾಡುತ್ತಾಳೆ. "ಅಜ್ಜಿ, ನೀನು ಹೆದರಿದ ದಿನ ನಾನು ಗೆದ್ದೆ ಅಂತ ಲೆಕ್ಕ" ಎಂದು ಅವಳೇ ಪಣ ಕಟ್ಟಿದ್ದಳು. ನಾನು ಗಮನವಿಟ್ಟೇ ಕೇಳುತ್ತೇನೆ. ಏನು ಮಾಡಲಿ, ಹೆದರಿಕೆಗಿಂತ ಮೊದಲು ಅನುಮಾನ ಬಂದುಬಿಡುತ್ತದೆ. ದೆವ್ವ ಬಾವಿಯಿಂದ ಎದ್ದು ಬಂತು ಎಂದರೆ, ನಮ್ಮ ಕಡೆ ಯಾವ ಬಾವಿಯಲ್ಲಿ ನೀರಿದೆ ಎಂದು ಕೇಳುತ್ತೇನೆ. ಬಿಳಿ ಸೀರೆ ಎಂದರೆ, ಬೋರ್‌ವೆಲ್ ನೀರಿನಲ್ಲಿ ಒಗೆದರೆ ಬಿಳಿ ಎಷ್ಟು ದಿನ ಉಳಿದೀತು ಎನ್ನುತ್ತೇನೆ. ತಲೆ ಬಿಚ್ಚಿಕೊಂಡು ಅಲೆಯುತ್ತಿದೆ ಎಂದರಂತೂ ನನ್ನ ಕರುಳು ಚುರ್ ಎನ್ನುತ್ತದೆ. ಒಂದಿಷ್ಟು ಎಣ್ಣೆ ಹಚ್ಚಿ ಬಾಚುವವರು ಆ ಹೆಣ್ಣಿಗೆ ಯಾರೂ ಇರಲಿಲ್ಲವೇ? ಒಂದು ಸಲ ಮಗುವಿನ ಮನಸ್ಸು ನೋಯಬಾರದೆಂದು ಎದೆ ಹಿಡಿದುಕೊಂಡು 'ಅಯ್ಯಯ್ಯೋ' ಎಂದೆ. "ಅಜ್ಜಿ, ಆಕ್ಟಿಂಗ್ ಬೇಡ" ಎಂದು ಎದ್ದು ಹೋದಳು.

ಹೀಗಿರುವಾಗ ಬೆಂಗಳೂರಿನಲ್ಲಿ ಒಬ್ಬ ಪ್ರೊಡ್ಯೂಸರು ಅವಳ ಕಥೆ ಕೇಳಿ, ಮೊದಲು ಒಂದು ಸಣ್ಣ ಸಿನಿಮಾ ಮಾಡಿ ತೋರಿಸು, ನನಗೆ ಹೆದರಿಕೆಯಾದರೆ ದೊಡ್ಡದಕ್ಕೆ ದುಡ್ಡು ಹಾಕುತ್ತೇನೆ ಎಂದರಂತೆ. ಶೂಟಿಂಗು ಏರ್‌ಪೋರ್ಟಿನ ಹತ್ತಿರದ ನಮ್ಮೂರು ಬೂದಿಗೆರೆಯಲ್ಲಿ, ನಮ್ಮ ಮನೆಯಲ್ಲೇ ಎಂದು ತೀರ್ಮಾನವಾಯಿತು. ಅವಳ ಸ್ನೇಹಿತರು ಬಾಡಿಗೆ ಕ್ಯಾಮೆರಾ ತಂದರು. ದೆವ್ವ ನಿಟ್ಟುಸಿರು ಬಿಡುವ ಹೊತ್ತಿಗೆ ಸರಿಯಾಗಿ ನೆತ್ತಿಯ ಮೇಲೆ ವಿಮಾನ ಹೋಗುತ್ತಿತ್ತು. ಸದ್ದು ಅಡಗುವವರೆಗೆ ದೆವ್ವದ ವೇಷದ ಹುಡುಗಿ ಜಗಲಿಯಲ್ಲಿ ಕೂತು ನನ್ನ ಚಕ್ಕುಲಿ ತಿನ್ನುತ್ತಿದ್ದಳು. ಎಲ್ಲವೂ ಚೆನ್ನಾಗಿಯೇ ನಡೆದಿತ್ತು.

ತಕರಾರು ಬಂದದ್ದು ಸಂಜೆಗೆ. ಎಲ್ಲಕ್ಕಿಂತ ಮುಖ್ಯವಾದ ದೃಶ್ಯವಂತೆ. ಹೊತ್ತು ಮುಳುಗಿ ಕತ್ತಲು ಕವಿಯುವ ಆ ಸ್ವಲ್ಪ ಹೊತ್ತಿನಲ್ಲೇ ತೆಗೆಯಬೇಕು, ಬಾಗಿಲು ತೆರೆದಿರಬೇಕು, ಮನೆಯಲ್ಲಿ ಒಂದು ದೀಪವೂ ಇರಕೂಡದು. ಬೆಳಗಾದರೆ ಕ್ಯಾಮೆರಾ ವಾಪಸು ಹೋಗಬೇಕು.

ಮುಸ್ಸಂಜೆಯಲ್ಲಿ ಹೊಸಿಲಿಗೆ ದೀಪವಿಡದೆ ಮನೆಯನ್ನು ಕತ್ತಲೆಗೆ ಬಿಡುವುದು ನಾನು ಈ ಮನೆಗೆ ಕಾಲಿಟ್ಟ ಮೇಲೆ ಆಗಿಲ್ಲ. ನಮ್ಮ ಯಜಮಾನರು ತೀರಿಕೊಂಡ ದಿನವೂ ದೀಪ ಉರಿದಿತ್ತು. ಆಗುವುದಿಲ್ಲ ಎಂದೆ. ಸಿಂಚನ ಬೇಡಿಕೊಂಡಳು, ಸ್ನೇಹಿತರೂ ಬೇಡಿಕೊಂಡರು. ನಾನು ಎಣ್ಣೆ ಬತ್ತಿ ತಂದೆ. ಅವಳು ಜಗಳವಾಡಿದ್ದರೆ ಸುಲಭವಾಗುತ್ತಿತ್ತು. ಹಾಗೆ ಮಾಡದೆ ಹೊಸಿಲ ಪಕ್ಕದಲ್ಲೇ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಅತ್ತ ಬೆಳಕು ಇಳಿಯುತ್ತಿದೆ. ದೇವರು ದೊಡ್ಡವನೋ ಮೊಮ್ಮಗಳು ದೊಡ್ಡವಳೋ ತಿಳಿಯದೆ ಬೆಂಕಿಕಡ್ಡಿ ಹಿಡಿದು ನಿಂತಿದ್ದೆ. ಕೊನೆಗೆ ಬಾಯಿಗೆ ಬಂದದ್ದನ್ನು ಹೇಳಿದೆ.

"ದೆವ್ವ ಬರೋದಾದ್ರೆ ಬರ್ಲಿ ಕಣವ್ವ, ನಾನೇನ್ ಬ್ಯಾಡ ಅಂತೀನಾ? ಬಾಗ್ಲಲ್ಲಿ ಚೊಂಬು ನೀರಿಟ್ಟಿರ್ತೀನಿ, ಕಾಲು ತೊಳ್ಕೊಂಡು ಒಳಕ್ಕೆ ಬರ್ಲಿ. ಮನೆಗೆ ಬಂದೋರ್ನ ಕತ್ಲಲ್ಲಿ ನಿಲ್ಸೋದು ಮಾತ್ರ ನನ್ ಕೈಲಾಗಲ್ಲ."

ಸಿಂಚನ ಮುಖದಿಂದ ಕೈ ತೆಗೆದಳು. "ಅಜ್ಜಿ, ಇದನ್ನ ಕ್ಯಾಮೆರಾ ಮುಂದೆ ಹಂಗೇ ಮಾಡ್ತೀಯಾ?"

ಏನು ಮಾಡುವುದು? ದಿನಾ ಮಾಡುವುದನ್ನೇ ಮಾಡಿದೆ. ಹೊಸಿಲಿಗೆ ದೀಪ ಹಚ್ಚಿ, ಚೊಂಬಿನಲ್ಲಿ ನೀರಿಟ್ಟು, ಹೊರಗಿನ ಮಬ್ಬು ನೋಡುತ್ತಾ, "ಯಾರವ್ವ ಅದು? ಕಾಲು ತೊಳ್ಕೊಂಡು ಬಾ. ಊಟ ಆಯ್ತಾ?" ಎಂದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ನನ್ನ ಹಿಂದಿನ ನೆಲದ ಮೇಲೆ ಒದ್ದೆ ಹೆಜ್ಜೆಗಳು ಒಂದೊಂದಾಗಿ ಅಡುಗೆಮನೆಯತ್ತ ಮೂಡುವ ಹಾಗೆ ಆಮೇಲೆ ಕಂಪ್ಯೂಟರಿನಲ್ಲಿ ಮಾಡಿದರಂತೆ. ಚಕ್ಕುಲಿ ತಿಂದ ದೆವ್ವದ ಹುಡುಗಿಗೆ ಆ ದೃಶ್ಯದಲ್ಲಿ ಕೆಲಸವೇ ಇಲ್ಲದಂತಾಯಿತು.

ಪ್ರೊಡ್ಯೂಸರು ನೋಡಿದವರೇ ಹಾಡುಹಗಲಲ್ಲಿ ಆಫೀಸಿನ ಲೈಟನ್ನೆಲ್ಲ ಹಾಕಿಸಿದರಂತೆ. ದೊಡ್ಡ ಸಿನಿಮಾ ಸಿಂಚನಳದೇ ಎಂದರಂತೆ. ನಾನು ಡೇರಿಯಲ್ಲಿ ಎಲ್ಲರಿಗೂ ಸಕ್ಕರೆ ಹಂಚಿದೆ. ಆದರೆ ತಲೆ ಮಾತ್ರ ಇನ್ನೂ ಕೆಟ್ಟೇ ಇದೆ. ದೀಪ ಹಚ್ಚುವುದು ಹೆದರಿಕೆಯೇ? ಊಟವಾಯಿತೇ ಎನ್ನುವುದು ಹೆದರಿಕೆಯೇ? ಸಿಂಚನ ಅದನ್ನು ಪಕ್ಕದ ಮನೆಯ ಗೌರಮ್ಮನಿಗೂ ಫೋನಿನಲ್ಲಿ ತೋರಿಸಿದಳು. ದಿನಾ ಸಂಜೆ ಸೀದಾ ಒಳಗೆ ಬಂದು ಕೂರುತ್ತಿದ್ದ ಆ ಮಹಾತಾಯಿ ಈಗ ಗೇಟಿನಾಚೆ ನಿಂತು, "ಅಕ್ಕಾ, ಊಟ ಆಯ್ತಾ ಅಂತ ಮಾತ್ರ ಕೇಳ್ಬ್ಯಾಡ, ಬತ್ತೀನಿ" ಎಂದು ಮಾತು ತೆಗೆದುಕೊಂಡ ಮೇಲೇ ಬರುತ್ತಾಳೆ.

ಮೊನ್ನೆ ಸಿಂಚನ ದೊಡ್ಡ ಸಿನಿಮಾದ ಕೆಲಸಕ್ಕೆ ಹೊರಟು ಕಾಲಿಗೆ ಬಿದ್ದಳು. ಏನೆಂದು ಹರಸಲಿ? ಜನ ಹೆದರಲಿ ಎನ್ನಲು ನಾಲಿಗೆ ಬಾರದು, ಹೆದರದಿರಲಿ ಎಂದರೆ ಮಗುವಿನ ಕೆಲಸ ಕೆಡುತ್ತದೆ. ತಲೆ ಸವರಿ, "ನೀನು ಹೆದರ್ಬ್ಯಾಡ ಕಣವ್ವ, ಅಷ್ಟು ಸಾಕು" ಎಂದೆ.

ಅವತ್ತು ಸಂಜೆ ಎಂದಿನಂತೆ ದೀಪ ಹಚ್ಚಿದೆ, ನೀರಿಟ್ಟೆ, ಒಳಕ್ಕೆ ತಿರುಗಿದೆ. ನಾಲ್ಕು ಹೆಜ್ಜೆ ಹೋದವಳಿಗೆ ಬೆನ್ನಲ್ಲಿ ಏನೋ ತಣ್ಣಗೆ ಹರಿದ ಹಾಗಾಯಿತು. ನಿಂತೆ. ಮೆಲ್ಲಗೆ ಹಿಂತಿರುಗಿ ನೆಲ ನೋಡಿದೆ. ಒಣಗಿಯೇ ಇತ್ತು. ಎದೆ ಮಾತ್ರ ಡವಡವ ಎನ್ನುತ್ತಿತ್ತು. ದೀಪದ ಮುಂದೆಯೇ ಕೂತು ಸಿಂಚನಳಿಗೆ ಫೋನು ಮಾಡಿ, "ಗೆದ್ದೆ ಕಣವ್ವ ನೀನು" ಎಂದೆ. ಆ ಕಡೆಯಿಂದ ಅವಳು ಕಿರುಚಿದ ಕಿರುಚಿಗೆ ನನ್ನ ಉಳಿದ ಹೆದರಿಕೆಯೂ ಓಡಿಹೋಯಿತು. ಆಮೇಲೆ, ಹೇಳಿದರೆ ನಗಬೇಡಿ, ನನಗೆ ವಿಪರೀತ ಹಸಿವಾಯಿತು.