ಐದನೆಯ ರೀಲು, ಆರನೆಯ ರೀಲು

ನಾಗಪುರದ ಕನ್ನಡ ಸಂಘದಲ್ಲಿ ಅಧ್ಯಕ್ಷರಾಗದೆಯೂ ಅಧ್ಯಕ್ಷರ ಕುರ್ಚಿಯಲ್ಲಿ ಕೂಡುವ ಹಕ್ಕಿದ್ದವರು ಗುರುಸಿದ್ದಪ್ಪ ಒಬ್ಬರೇ. ಗದಗಿನ ಕಡೆಯವರು. ಮದ್ದುಗುಂಡಿನ ಕಾರ್ಖಾನೆಯೊಂದರಲ್ಲಿ ಮೂವತ್ತೆಂಟು ವರ್ಷ ಎಕ್ಸಾಮಿನರ್ ಆಗಿದ್ದರು. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ ಶೆಲ್ಲಿಗೆ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವುದು ಅವರ ಕೆಲಸ. ಮನೆಯಲ್ಲಿ ರೊಟ್ಟಿಯ ದುಂಡನ್ನೂ ಅದೇ ಕಣ್ಣಿಂದ ನೋಡುತ್ತಿದ್ದರೆಂದು ಹೆಂಡತಿ ಕಾಶಿಬಾಯಿಯ ದೂರು.

ಆದರೆ ಅವರಿಗೆ ಮರ್ಯಾದೆ ಬಂದದ್ದು ಶೆಲ್ಲಿನಿಂದಲ್ಲ, ಒಂದು ಸಿನಿಮಾದಿಂದ. 1984ರಲ್ಲಿ ಕಾರ್ಖಾನೆಯ ಕ್ಲಬ್ಬಿಗೆ ಪರದೇಶದ ಒಂದು ಚಿತ್ರ ಆರು ಡಬ್ಬಿಗಳಲ್ಲಿ ಬಂತು. ಪ್ರೊಜೆಕ್ಟರ್ ನಡೆಸಿದವರು ಗುರುಸಿದ್ದಪ್ಪ. ಭೂಮಿಯಿಂದ ಬಹುದೂರ, ಆಕಾಶದಲ್ಲಿ ಒಂದು ದೀಪಕ್ಕೆ ಕಾವಲಿರುವ ಒಂಟಿ ಮನುಷ್ಯ. ಒಂದು ದಿನ ಮನೆ, ಹೆಂಡತಿ ಕನಸಿನಂತೆ ಕಣ್ಣ ಮುಂದೆ ಬಂದಾಗಲೇ ಹೊರಗಿನಿಂದ ಯಾರೋ ಬಾಗಿಲು ಬಡಿಯುತ್ತಾರೆ. ಹೊರಗೆ ನೆಲವೂ ಇಲ್ಲ, ಗಾಳಿಯೂ ಇಲ್ಲ. ಬಾಗಿಲು ತೆಗೆದರೆ ಬರೀ ಕತ್ತಲೆ. ಅವನು ಅದರೊಳಕ್ಕೆ ಕಾಲಿಡುತ್ತಾನೆ. ತೆರೆಯ ಮೇಲೆ ಯಾವುದೋ ಲಿಪಿಯ ನಾಲ್ಕಕ್ಷರ. ರೀಲು ಬದಲಾದ ಮೇಲೆ ನೋಡಿದರೆ, ಅವನು ತನ್ನ ಮನೆಯಲ್ಲಿ ಹೆಂಡತಿ ಬಡಿಸಿದ ತಟ್ಟೆಯ ಮುಂದೆ ಕೂತಿದ್ದಾನೆ. ತುತ್ತು ಎತ್ತುತ್ತಾನೆ, ಅಷ್ಟಕ್ಕೇ ಚಿತ್ರ ನಿಂತುಹೋಗುತ್ತದೆ.

ಸತ್ತವನನ್ನು ಊಟಕ್ಕೆ ಕೂಡಿಸಿದ ನಿರ್ದೇಶಕನ ಧೈರ್ಯದ ಬಗ್ಗೆ ಜನರಲ್ ಮ್ಯಾನೇಜರ್ ಸಾಹೇಬರು ಇಪ್ಪತ್ತು ನಿಮಿಷ ಇಂಗ್ಲಿಷಿನಲ್ಲಿ ಮಾತಾಡಿದರು. ಆಗ ಹಿಂದೆ ಕೂತು ರೀಲು ಸುತ್ತುತ್ತಿದ್ದ ಗುರುಸಿದ್ದಪ್ಪನವರ ಕಣ್ಣಿಗೆ ಫಿಲ್ಮಿನ ತುದಿಯಲ್ಲಿದ್ದ ಅಂಕಿ ಬಿತ್ತು. ಆರನೆಯದನ್ನು ಮೊದಲು ಹಚ್ಚಿದ್ದರು, ಐದನೆಯದನ್ನು ಆಮೇಲೆ. ಆ ನಾಲ್ಕಕ್ಷರ ‘ಮುಗಿಯಿತು’ ಎಂದಿರಬೇಕು. ಆದರೆ ಸಾಹೇಬರು ಪಾಸ್ ಮಾಡಿದ ಮಾಲಿಗೆ ಕೆಂಪು ಬಣ್ಣ ಬಳಿಯುವ ಎಕ್ಸಾಮಿನರ್ ಯಾವ ಕಾರ್ಖಾನೆಯಲ್ಲಿದ್ದಾನೆ? ಬಾಯಿ ಮುಚ್ಚಿಕೊಂಡು ಡಬ್ಬಿ ಮುಚ್ಚಿದರು.

ಆಮೇಲೆ ನಲವತ್ತು ವರ್ಷ, ಪ್ರತಿ ಬೇಸಿಗೆ, ಸಂಘದಲ್ಲಿ ಅವರು ಆ ಚಿತ್ರದ ಕಥೆ ಹೇಳಿದರು. ಮೇಜಿನ ಮೇಲೆ ಮೂರು ಸಲ ಬಡಿದು ಸುಮ್ಮನಾದರೆ, ಮಕ್ಕಳು ತಾಯಂದಿರ ಕೈ ಹಿಡಿಯುತ್ತಿದ್ದವು. ಬಡಿದವರು ಯಾರೆಂದು ಅವರು ಹೇಳಲಿಲ್ಲ, ನಾವು ಕೇಳುವುದನ್ನು ಬಿಡಲಿಲ್ಲ. ವರ್ಗವಾಗಿ ಬಂದು ಇಲ್ಲೇ ಉಳಿದುಬಿಟ್ಟ ನಮಗೆಲ್ಲ ಮನೆ ಸೇರಿದವನ ಆ ಕೊನೆಯ ತಟ್ಟೆ ಬೇಕಾಗಿತ್ತು. ಕ್ಯಾಸೆಟ್ ತರಿಸೋಣವೆಂದವರಿಗೆ, ಕ್ಯಾಸೆಟ್ಟಿನಲ್ಲಿ ಮುಖ್ಯವಾದದ್ದನ್ನೆಲ್ಲ ಕತ್ತರಿಸಿರುತ್ತಾರೆ ಎನ್ನುತ್ತಿದ್ದರು.

ಈ ವರ್ಷ ಬೆಂಗಳೂರಿನಿಂದ ಬಂದ ನಿಖಿಲ್ ಎಂಬ ಉತ್ಸಾಹಿ, ಚಿತ್ರದ ಹೊಸ ಪ್ರತಿ ಸಿಕ್ಕಿದೆ, ಭಾನುವಾರ ಮಧ್ಯಾಹ್ನ ತೋರಿಸುತ್ತೇನೆ ಎಂದು ಸಭೆಯಲ್ಲೇ ಸಾರಿದ. ಎಲ್ಲರೂ ಗುರುಸಿದ್ದಪ್ಪನವರಿಗೆ ಚಪ್ಪಾಳೆ ತಟ್ಟಿದರು. ಅವತ್ತಿನಿಂದ ಅವರಿಗೆ ಊಟ ಸೇರಲಿಲ್ಲ. ಸಂಘದ ಫ್ಯೂಸು ಎಲ್ಲಿದೆಯೆಂದು ಜವಾನನನ್ನು ಎರಡು ಸಲ ವಿಚಾರಿಸಿದರಂತೆ. ನಲವತ್ತು ವರ್ಷದ ಮರ್ಯಾದೆ ಎರಡು ತಾಸಿನಲ್ಲಿ ನಗೆಪಾಟಲಾಗುವುದಿತ್ತು.

ಭಾನುವಾರ ಹೊರಗೆ ನಲವತ್ತಾರು ಡಿಗ್ರಿ. ಕಿಟಕಿಗಳಿಗೆ ರಟ್ಟು ಹೊಡೆದು ಕತ್ತಲೆ ಮಾಡಿದ್ದರು. ಗುರುಸಿದ್ದಪ್ಪ ಮುಂದಿನ ಸಾಲಿನಲ್ಲಿ, ತೀರ್ಪು ಕೇಳಲು ಬಂದವರ ಹಾಗೆ ಕೂತರು.

ತೆರೆಯ ಮೇಲಿನ ಮನುಷ್ಯ ಮನೆಯಲ್ಲಿ ಊಟಕ್ಕೆ ಕೂತ. ತುತ್ತು ಎತ್ತಿದ. ಈ ಸಲ ಚಿತ್ರ ನಿಲ್ಲಲಿಲ್ಲ. ಮೂರು ಸಲ ಬಾಗಿಲು ಬಡಿದ ಸದ್ದು. ಹೆಂಡತಿಗೆ ಅದು ಕೇಳಿಸಲೇ ಇಲ್ಲ, ಬಡಿಸುತ್ತಲೇ ಇದ್ದಳು. ಅವನು ತುತ್ತನ್ನು ತಟ್ಟೆಯಲ್ಲಿ ಬಿಟ್ಟು ಎದ್ದ. ಮನೆಯ ಗೋಡೆಗಳು ಒಂದೊಂದಾಗಿ ಕಾವಲುಕೋಣೆಯ ಗೋಡೆಗಳಾದವು. ಬಾಗಿಲಾಚೆ ಅದೇ ಕತ್ತಲೆ. ಅವನು ಹೋದ ಮೇಲೆ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು. ನಾಲ್ಕಕ್ಷರ.

ಯಾರೂ ನಗಲಿಲ್ಲ. ನಕ್ಕಿದ್ದರೆ ಗುರುಸಿದ್ದಪ್ಪ ಪಾರಾಗುತ್ತಿದ್ದರು. ನಿಖಿಲ್ ಮೆಲ್ಲಗೆ ಕೇಳಿದ: “ಅಂಕಲ್, ನಿಮ್ಮ ಕಥೆಲಿ ಅವನು ಮನೆಗೆ ಬಂದಿದ್ನಲ್ಲ?”

ಅವರು ಎದ್ದು ನಿಂತರು. “ರೀಲ್ ನಾನ ಹಿಂದಮುಂದ ಹಚ್ಚಿದ್ದೆ. ಗೊತ್ತಿದ್ದೂ ಹೇಳಲಿಲ್ಲ.”

ಅದೇ ಕಾರ್ಖಾನೆಯ ನಿವೃತ್ತ ಫೋರ್‌ಮನ್ ಗೋವಿಂದರಾಜು ಇದನ್ನು ಒಪ್ಪಲಿಲ್ಲ. “ಸಾಹೇಬ್ರೇ ಬರೋಬರ್ ಅಂದ್ಮೇಲೆ ತಪ್ಪು ಹೇಗಾಗುತ್ತೆ? ಈ ಹುಡುಗನ ಪ್ರತೀನೇ ಸರಿಯಿಲ್ಲ.” ಎಷ್ಟೋ ಜನ ತಲೆಯಾಡಿಸಿದರು. ಆದರೂ ಹೊರಡುವಾಗ ಬಾಗಿಲು ತೆಗೆಯಲು ಯಾರೂ ಮುಂದಾಗಲಿಲ್ಲ.

ಗಡಿಬಿಡಿಯಲ್ಲಿ ಗುರುಸಿದ್ದಪ್ಪ ಕನ್ನಡಕ ಮರೆತು ಹೋಗಿದ್ದರು. ಸಂಜೆ ಏಳೂವರೆಗೆ ಕೊಡಲು ಹೋದೆ. ಕರೆಂಟ್ ಹೋಗಿ ಮೆಟ್ಟಿಲೆಲ್ಲ ಕತ್ತಲೆ, ಬೆಲ್ ಆಗಲಿಲ್ಲ. ಬಾಗಿಲು ಬಡಿದೆ. ಮೂರು ಸಲವೇ ಬಡಿದೆನೆಂದು ಹೊಳೆದದ್ದು ಆಮೇಲೆ.

ಒಳಗೆ ತಟ್ಟೆಯ ಸದ್ದು ನಿಂತಿತು. ಕಡೆಗೆ ಕಾಶಿಬಾಯಿಯ ದನಿ ಕೇಳಿಸಿತು: “ತಾಟ ಎತ್ತಿ ಇಡತೀನಿ. ಮೊದಲ ಬಾಗಲಾ ತಗದ ಬರ್ರಿ. ಊಟ ಆಮ್ಯಾಲ.”

ಚಿಲಕ ಸರಿಯಲು ಬಹಳ ಹೊತ್ತಾಯಿತು. ಬಾಗಿಲು ತೆರೆದ ಗುರುಸಿದ್ದಪ್ಪ ನನ್ನನ್ನು ನೋಡಲಿಲ್ಲ. ನನ್ನ ಬೆನ್ನ ಹಿಂದಿನ ಕತ್ತಲೆಯನ್ನು ನೋಡಿದರು. ಹೊಸ್ತಿಲು ದಾಟದೆ, ಒಂದು ಕೈಯಲ್ಲಿ ಚೌಕಟ್ಟು ಹಿಡಿದುಕೊಂಡೇ ಇನ್ನೊಂದು ಕೈ ಚಾಚಿ ಕನ್ನಡಕ ಇಸಿದುಕೊಂಡರು. ಅವರ ಹಿಂದೆ ಮೇಣದ ಬತ್ತಿಯ ಬೆಳಕಿನಲ್ಲಿ ಕಾಶಿಬಾಯಿ ತಾಟು ಹಿಡಿದು ನಿಂತೇ ಇದ್ದರು.