ಎಡಗಡೆ ಸೀಟಿನ ಬ್ರೇಕು

ಬೇಲೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವ ಮಹಾಂತೇಶ್ ಒಂದು ಕಾಲದಲ್ಲಿ ರೇಸ್ ಕಾರು ಓಡಿಸುತ್ತಿದ್ದರು ಎಂದರೆ ಊರಿನಲ್ಲಿ ಯಾರೂ ನಂಬುವುದಿಲ್ಲ. ನಾನೂ ನಂಬಿರಲಿಲ್ಲ. ಅವರ ಬಿಳಿ ಕಾರು ಹಳೇಬೀಡು ರಸ್ತೆಗೆ ಇಳಿದರೆ ಹಾಲಿನ ಕ್ಯಾನು ಕಟ್ಟಿಕೊಂಡ ಮೊಪೆಡ್ಡುಗಳೂ ಹಾರ್ನ್ ಹೊಡೆದು ಮುಂದೆ ಹೋಗುತ್ತವೆ. ಕಾರಿನ ಬೆನ್ನ ಮೇಲೆ ಕೆಂಪು ಅಕ್ಷರದಲ್ಲಿ ‘ನಿಧಾನವೇ ಪ್ರಧಾನ’ ಎಂದು ಬೇರೆ ಬರೆಸಿದ್ದಾರೆ. ಆಫೀಸಿನ ಕಪಾಟಿನ ಮೇಲೆ ಒಂದು ಹಳದಿ ಹೆಲ್ಮೆಟ್ ಇದೆ. ಅದರ ಹಣೆಯ ಮೇಲೆ ವಿಭೂತಿಯ ಮೂರು ಗೆರೆ ಮಾಸಿಹೋಗಿ ಇನ್ನೂ ಅಂಟಿಕೊಂಡಿದೆ. “ಕಾರು ಕಲಿಸೋರಿಗೆ ಹೆಲ್ಮೆಟ್ ಯಾಕ್ರೀ?” ಎಂದು ಸೇರಿದ ದಿನವೇ ಕೇಳಿದ್ದೆ. “ಹಳೇದು ಮೇಡಂ” ಎಂದು ನನ್ನ ಅರ್ಜಿಗೆ ಫೋಟೋ ಅಂಟಿಸತೊಡಗಿದರು.

ನಾನು ಶ್ಯಾಮಲಾ, ಹಳೇಬೀಡಿನ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಮನೆ ಬೇಲೂರಿನಲ್ಲಿ. ಹದಿನೆಂಟು ವರ್ಷ ಬಸ್ಸಿನ ಕಂಬಿಗೆ ನೇತಾಡಿ ಸಾಕಾಗಿ, ನಲವತ್ತೊಂಬತ್ತನೇ ವಯಸ್ಸಿನಲ್ಲಿ ಕಾರು ಕಲಿಯಲು ಹೋದೆ. ಕಾರು ಇನ್ನೂ ಕೊಂಡಿರಲಿಲ್ಲ. ಮೊದಲು ವಿದ್ಯೆ, ಆಮೇಲೆ ವಾಹನ ಎನ್ನುವುದು ನನ್ನ ಲೆಕ್ಕ. ಬೆಳಿಗ್ಗೆ ಆರೂವರೆಯ ಕ್ಲಾಸಿಗೆ ನಾವು ಇಬ್ಬರು. ಒಬ್ಬರು ಓಡಿಸುವಾಗ ಇನ್ನೊಬ್ಬರು ಹಿಂದೆ ಕೂರಬೇಕು. ಮಹಾಂತೇಶ್ ಯಾವಾಗಲೂ ಎಡಗಡೆ ಸೀಟಿನಲ್ಲಿ. ಡ್ರೈವಿಂಗ್ ಸ್ಕೂಲಿನ ಕಾರಲ್ಲವೇ, ಅವರ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು.

ಇನ್ನೊಬ್ಬಾಕೆ ಬಸ್ತಿಹಳ್ಳಿಯ ಶಿವಗಂಗಮ್ಮ. ಆಕೆಯ ಗಂಡ ಕೆಂಚಪ್ಪ ಒಂದು ಲಗೇಜ್ ಗಾಡಿ ಇಟ್ಟುಕೊಂಡು ಸುತ್ತಮುತ್ತಲಿನ ತೋಟದ ಕಾಯಿಯನ್ನು ಅರಸೀಕೆರೆ ಮಾರುಕಟ್ಟೆಗೆ ಹೊಡೆಯುತ್ತಿದ್ದ. ಹೋದ ವರ್ಷ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಗಾಡಿ ಹಟ್ಟಿಯ ಮುಂದೆ ನಿಂತಿತ್ತು. “ಸುಮ್ನೆ ತುಕ್ಕು ಹಿಡೀತೈತೆ, ಮಾರಿಬಿಡಾನ” ಎಂದು ಭಾವ ಗಿರಾಕಿಯನ್ನೂ ಕರೆತಂದಿದ್ದ. “ನಾನೇ ಓಡುಸ್ತೀನಿ” ಎಂದು ಈಕೆ ಹಟ ಹಿಡಿದು ಬಂದವಳು. ಟೆಸ್ಟಿನಲ್ಲಿ ಆಗಲೇ ಎರಡು ಸಲ ಫೇಲ್. ಎಲ್‌ಎಲ್‌ಆರ್ ಅವಧಿ ಮುಗಿಯಲು ಮೂರೇ ವಾರ ಉಳಿದಿತ್ತು. ಅಷ್ಟರಲ್ಲಿ ಪಾಸಾಗದಿದ್ದರೆ ಗಾಡಿ ಗಿರಾಕಿಯ ಪಾಲು ಎಂದು ಭಾವ ಖಡಾಖಂಡಿತವಾಗಿ ಹೇಳಿದ್ದ.

ನನಗೆ ಅರ್ಥವಾಗದೇ ಇದ್ದದ್ದು ಇದೇ. ಹೆಂಗಸು ಸೊಗಸಾಗಿ ಓಡಿಸುತ್ತಾಳೆ. ಗೇರ್ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬದಲಾಯಿಸುತ್ತಾಳೆ. ಹಂಪ್ ಬಂದರೆ ಕಾರು ಮೆಲ್ಲಗೆ ತಗ್ಗಿ, ಮೆಲ್ಲಗೆ ಹತ್ತಿ ಇಳಿಯುತ್ತದೆ. ಟೆಸ್ಟಿನ ದಿನ ಮಾತ್ರ ಇನ್ಸ್‌ಪೆಕ್ಟರ್ “ನಿಲ್ಲಿಸಿ” ಎಂದರೆ ಕಾರು ನಿಲ್ಲುವುದೇ ಇಲ್ಲ. ಒಂದು ಸಲ ಗುರುತಿನ ಗೆರೆ ದಾಟಿ ಹೋಯಿತಂತೆ, ಇನ್ನೊಂದು ಸಲ ಬೇಲಿಗೇ ನುಗ್ಗಿತಂತೆ.

“ಕೈಗುಣ ಸರಿ ಇಲ್ಲ ನಂದು ಟೀಚರಮ್ಮ” ಎಂದು ಆಕೆ ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಉರಿಯಿತು. ಲೆಕ್ಕ ತಪ್ಪಿದರೆ ಕೈಗುಣ ಅನ್ನುವ ಮಕ್ಕಳನ್ನು ಇಪ್ಪತ್ತೈದು ವರ್ಷದಿಂದ ನೋಡಿದ್ದೇನೆ. ಯಾವುದೋ ಒಂದು ಹಂತ ತಪ್ಪಿರುತ್ತದೆ, ಅಷ್ಟೆ. ಅದನ್ನು ಹುಡುಕುವುದೇ ನನ್ನ ಕಸುಬು.

ಆಫೀಸಿನ ಗೋಡೆಯ ಮೇಲೆ ಹೋದ ವರ್ಷ ಕಲಿತವರ ಹೆಸರಿನ ಪಟ್ಟಿ ಇತ್ತು. ಪಾಸಾದವರು ಯಾರು, ಆಗದವರು ಯಾರು ಎಂದು ಒಂದು ಸಂಜೆ ಕೂತು ನೋಡಿದೆ. ಅರ್ಧಕ್ಕರ್ಧ ಜನ ಗೊತ್ತಿದ್ದವರೇ. ಮನೆಯಲ್ಲಿ ಕಾರು ಇದ್ದವರೆಲ್ಲ ಪಾಸು. ಅವರು ಅಣ್ಣನ ಜೊತೆಗೋ ಗಂಡನ ಜೊತೆಗೋ ಬೇರೆ ಕಾರಿನಲ್ಲಿ ಕೈ ಪಳಗಿಸಿಕೊಂಡವರು. ಬರೀ ಈ ಬಿಳಿ ಕಾರನ್ನೇ ನಂಬಿದವರು ಒಬ್ಬರಾದ ಮೇಲೆ ಒಬ್ಬರು ಫೇಲು. ಅಂದರೆ ತಪ್ಪು ಕಾರಿನೊಳಗೇ ಇತ್ತು.

ಮಾರನೆಯ ಬೆಳಿಗ್ಗೆ ಹಿಂದಿನ ಸೀಟಿನಲ್ಲಿ ಬಲಕ್ಕೆ ಸರಿದು ಕೂತೆ. ಶಿವಗಂಗಮ್ಮ ಓಡಿಸುತ್ತಿದ್ದಳು. ನಾನು ರಸ್ತೆ ನೋಡಲಿಲ್ಲ, ಮಹಾಂತೇಶರ ಮೊಣಕಾಲು ನೋಡಿದೆ. ಹಂಪ್ ಇನ್ನೂ ಇಪ್ಪತ್ತು ಮಾರು ದೂರದಲ್ಲಿರುವಾಗಲೇ ಆ ಮೊಣಕಾಲು ಸದ್ದಿಲ್ಲದೆ ಮೇಲೆದ್ದು ಕೆಳಗಿಳಿಯಿತು. ಕಾರು ಮೆಲ್ಲಗಾಯಿತು. ನಾಯಿ ಅಡ್ಡ ಬಂತು, ಮೊಣಕಾಲು ಎದ್ದಿತು. ಬಸ್ಸು ಎದುರಾಯಿತು, ಮೊಣಕಾಲು ಎದ್ದಿತು. ಹಳೇಬೀಡು ಮುಟ್ಟುವಷ್ಟರಲ್ಲಿ ಮೂವತ್ತೊಂದು ಸಲ ಎಣಿಸಿದೆ. ಶಿವಗಂಗಮ್ಮನಿಗೆ ಬ್ರೇಕ್ ಹಾಕುವ ಸಂದರ್ಭವೇ ಬಂದಿರಲಿಲ್ಲ. ನನಗೂ ಬಂದಿರಲಿಲ್ಲ ಎಂದು ಆಮೇಲೆ ಹೊಳೆಯಿತು. ಎರಡು ತಿಂಗಳಿಂದ ಕಾರು ಓಡಿಸುತ್ತಿದ್ದೇನೆಂದು ಸ್ಟಾಫ್ ರೂಮಿನಲ್ಲಿ ಬೀಗುತ್ತಿದ್ದವಳು ನಾನು.

ಕೆರೆಯ ಹತ್ತಿರ ಟೀ ಅಂಗಡಿಯ ಮುಂದೆ ಇಳಿದೆವು. ಲೋಟ ಕೈಗೆ ಬಂದ ಕೂಡಲೇ ಕೇಳಿಬಿಟ್ಟೆ. “ಮಹಾಂತೇಶ್, ಈ ಕಾರಿಗೆ ಬ್ರೇಕ್ ಹಾಕೋರು ಯಾರು?”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವರು ತಮ್ಮ ಬಲಗಾಲು ನೋಡಿಕೊಂಡರು. ಅಲ್ಲಿಗೆ ನಾನು ಜೋರು ಮಾಡಬಹುದಿತ್ತು. ಮುಖ ನೋಡಿ ಸುಮ್ಮನಾದೆ. ಮೂವತ್ನಾಲ್ಕರ ಗಂಡಸು, ಹೋಂವರ್ಕ್ ಮಾಡದ ಹುಡುಗನ ಹಾಗೆ ನಿಂತಿದ್ದರು.

“ನಂಗೆ ಗೊತ್ತು ಮೇಡಂ. ತೆಗೀಬೇಕು ಅನ್ಕೋತೀನಿ. ಕಾಲು ಕೇಳಲ್ಲ.”

ಆಮೇಲೆ ಹೇಳಿದರು. ಅವತ್ತು ಅವರು ಹೇಳಿದ್ದನ್ನೂ, ಮುಂದೆ ನಾನು ಕೆದಕಿ ಕೇಳಿದ್ದನ್ನೂ ಸೇರಿಸಿ ಬರೆಯುತ್ತೇನೆ.

ಮಹಾಂತೇಶರ ತಂದೆ ಗಂಗಾಧರಯ್ಯ ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರಿ. ಹನ್ನೆರಡನೇ ವಯಸ್ಸಿಗೆ ಮಗ ಗೋದಾಮಿನ ಅಂಗಳದಲ್ಲಿ ಜೀಪನ್ನು ಕೊಬ್ಬರಿ ಮೂಟೆಗಳ ನಡುವೆ, ಒಂದು ಮೂಟೆಗೂ ತಾಗಿಸದೆ ಹಿಂದಕ್ಕೆ ಓಡಿಸುತ್ತಿದ್ದ. ಅದನ್ನು ನೋಡಿದ ಬೆಂಗಳೂರಿನ ಗಿರಾಕಿಯೊಬ್ಬರು ಮಕ್ಕಳ ರೇಸಿಗೆ ಹಾಕಿ ಎಂದರು. ಹದಿನೇಳಕ್ಕೆ ಹುಡುಗ ಕೊಯಮತ್ತೂರು, ಚೆನ್ನೈಗಳ ಟ್ರ್ಯಾಕಿನಲ್ಲಿ ಜೂನಿಯರ್ ರೇಸ್ ಓಡಿಸುತ್ತಿದ್ದ. ಒಬ್ಬನೇ ಕೂರುವ ಕಾರು, ಮೇಲೆ ಮುಚ್ಚಳವಿಲ್ಲ, ನಾಲ್ಕೂ ಚಕ್ರ ಹೊರಗೆ. ನೆಲದಿಂದ ಒಂದು ಗೇಣು ಮೇಲೆ ಕೂತ ಹಾಗೆ. ಪ್ರತಿ ರೇಸಿಗೂ ತಾಯಿ ಗುರುಸಿದ್ದಮ್ಮ ಹೆಲ್ಮೆಟ್ಟಿಗೆ ವಿಭೂತಿ ಹಚ್ಚಿ, ಮೆಕ್ಯಾನಿಕ್ಕುಗಳಿಗೆಂದು ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಕಟ್ಟಿ ಕಳಿಸುತ್ತಿದ್ದರು. ಗೆದ್ದವರಲ್ಲ ಇವರು. ಒಂದು ಸಲ ಮೂರನೆಯವರಾಗಿದ್ದೇ ಹೆಚ್ಚು. ಆದರೆ ಒಂದು ವಿಷಯದಲ್ಲಿ ಹೆಸರಿತ್ತಂತೆ. ತಿರುವಿಗೆ ಎಲ್ಲರಿಗಿಂತ ಕೊನೆಗೆ ಬ್ರೇಕ್ ಹಾಕುವವನು ಅರಸೀಕೆರೆ ಹುಡುಗ ಎಂದು.

“ಕೊಯಮತ್ತೂರಲ್ಲಿ ಒಂದು ತಿರುವು ಐತೆ. ಪಕ್ಕದಲ್ಲಿ ಬೋರ್ಡ್ ನಿಲ್ಸಿರ್ತಾರೆ, ತಿರುವಿಗೆ ಇನ್ನು ನೂರು ಮೀಟರ್, ಐವತ್ತು ಮೀಟರ್ ಅಂತ. ನಾನು ಯಾವಾಗ್ಲೂ ಐವತ್ತಕ್ಕೆ ಹಾಕೋದು. ನನ್ನ ಹಿಂದೆ ಮೈಸೂರಿನ ಶರತ್ಚಂದ್ರ ಇದ್ದ. ಒಂದೇ ರೂಮಲ್ಲಿ ಇರ್ತಿದ್ವಿ ಇಬ್ರೂ. ನಾನು ಐವತ್ತಕ್ಕೇ ಹಾಕೋದು ಅಂತ ಅವನಿಗೂ ಗೊತ್ತು. ಅವತ್ತು ನೂರಕ್ಕೇ ಹಾಕ್ಬಿಟ್ಟೆ ಮೇಡಂ.”

“ಯಾಕೆ?”

“ಭಯ ಆಯ್ತು. ಏನೂ ಇರ್ಲಿಲ್ಲ ಮುಂದೆ. ಸುಮ್ನೆ ಭಯ ಆಯ್ತು.”

ಹಿಂದಿನ ಕಾರಿನ ಚಕ್ರ ಇವರ ಚಕ್ರದ ಮೇಲೆ ಹತ್ತಿತು. ಶರತ್ಚಂದ್ರನ ಕಾರು ಗಾಳಿಯಲ್ಲಿ ಮಗುಚಿ ಬಿತ್ತು. ಎಡಗಾಲು ಎರಡು ಕಡೆ ಮುರಿಯಿತು. ಇವತ್ತಿಗೂ ಕುಂಟುತ್ತಾನೆ, ಮೈಸೂರಿನಲ್ಲಿ ಟೈರ್ ಅಂಗಡಿ ಇಟ್ಟಿದ್ದಾನೆ. ವಿಚಾರಣೆ ಮಾಡಿದವರು ರೇಸಿನಲ್ಲಿ ಇಂಥದ್ದು ಸಹಜ, ಯಾರ ತಪ್ಪೂ ಅಲ್ಲ ಎಂದು ಬರೆದುಕೊಟ್ಟರು. ಕೇಳಿದವರಿಗೆಲ್ಲ ಮಹಾಂತೇಶ್ ಮಾತ್ರ ತಮ್ಮ ಕಾರಿನಲ್ಲೇ ಏನೋ ತೊಂದರೆಯಾಯಿತು ಎಂದರು. ಆಸ್ಪತ್ರೆಯಲ್ಲಿ ಮಲಗಿದ್ದ ಗೆಳೆಯನಿಗೂ ಅದನ್ನೇ ಹೇಳಿದರು. ಮತ್ತೆ ರೇಸ್ ಕಾರು ಹತ್ತಲಿಲ್ಲ. ಹದಿನೈದು ವರ್ಷದಿಂದ ಯುಗಾದಿಗೊಮ್ಮೆ ಶರತ್ಚಂದ್ರ ಫೋನಿಗೆ ಶುಭಾಶಯ ಕಳಿಸುತ್ತಾನೆ. ಇವರು ಕೈಮುಗಿದ ಚಿತ್ರ ಒತ್ತಿ ಸುಮ್ಮನಾಗುತ್ತಾರೆ. ಅವನ ಜೊತೆ ಮಾತಾಡುವ ಮುಖ ಇವರಿಗಿರಲಿಲ್ಲ.

ಅಂದಿನ ಭಯ ಇನ್ನೂ ಅವರ ಕಾಲಿನಲ್ಲೇ ಕೂತಿದೆ ಎಂದು ಕನಿಕರವಾಯಿತು. ಹತ್ತೊಂಬತ್ತನೇ ವಯಸ್ಸಿನ ಒಂದು ಕ್ಷಣದ ಹೆದರಿಕೆಗೆ ಈ ಮನುಷ್ಯ ಹದಿನೈದು ವರ್ಷದಿಂದ ದಿನಾ ದಂಡ ಕಟ್ಟುತ್ತಿದ್ದಾರೆ. ಜೊತೆಗೆ ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ದಂಡದಲ್ಲಿ ಅರ್ಧ ನಮ್ಮಂಥವರ ಪಾಲಿಗೆ ಬರುತ್ತಿತ್ತಲ್ಲ.

ಶಿವಗಂಗಮ್ಮ ಟೀ ಮುಗಿಸಿ ಲೋಟ ಕೆಳಗಿಟ್ಟಳು. “ಸಾ, ಅವತ್ತು ಭಯ ಬಿದ್ದ್ರಿ, ಸರಿ. ಮನುಷ್ಯ ಅಂದ್ಮೇಲೆ ಭಯ ಬೀಳ್ತಾನೆ. ನನ್ ಬ್ರೇಕು ಯಾಕೆ ನೀವು ಹಾಕ್ತೀರ? ನಾಳೆ ನನ್ ಗಾಡೀಲಿ ಕಾಯಿ ಲೋಡು ಇರ್ತೈತೆ, ನೀವು ಇರ್ತೀರಾ?”

ಅವರು ಖಾಲಿ ಲೋಟವನ್ನು ಕೈಯಲ್ಲೇ ತಿರುಗಿಸಿದರು.

“ಚಪ್ಲಿ ಬಿಡಿ” ಎಂದಳು.

“ಏನು?”

“ಚಪ್ಲಿ ಬಿಟ್ಟು ಸೀಟ್ ಮ್ಯಾಲೆ ಚಕ್ಕಂಬಕ್ಕಳ ಹಾಕ್ಕೊಂಡು ಕೂತ್ಕಳಿ. ಊಟಕ್ಕೆ ಕೂತಂಗೆ. ಕಾಲು ಕೆಳಗೆ ಇದ್ರೆ ತಾನೆ ಒತ್ತೋದು?”

ನನಗೆ ನಗು ತಡೆಯಲಾಗಲಿಲ್ಲ. ಮಹಾಂತೇಶ್ ನಗಲಿಲ್ಲ. ಲೋಟ ಅಂಗಡಿಯವನಿಗೆ ಕೊಟ್ಟರು. ಆಮೇಲೆ ಎಡಗಡೆ ಬಾಗಿಲು ತೆಗೆದು, ಚಪ್ಪಲಿ ಬಿಟ್ಟು, ಪ್ಯಾಂಟು ಸ್ವಲ್ಪ ಮೇಲೆಳೆದುಕೊಂಡು, ಸೀಟಿನ ಮೇಲೆ ಕಾಲು ಮಡಿಸಿ ಕೂತರು. ಚಪ್ಪಲಿ ಮುಂದಿದ್ದರೆ ಮನಸ್ಸು ಬದಲಾದೀತು ಎಂದು ಶಿವಗಂಗಮ್ಮ ಅದನ್ನು ಹಿಂದಕ್ಕೆ ದಾಟಿಸಿದಳು. ಹೀಗೆ ನಾನು ಗುರುಗಳ ಪಾದುಕೆ ಕಾಲಡಿ ಇಟ್ಟುಕೊಂಡು ಕೂತೆ.

ಮೊದಲು ಕೆರೆ ಪಕ್ಕದ ಖಾಲಿ ದಾರಿಯಲ್ಲೇ ಓಡಿಸಿದೆವು. ಮೊದಲ ಹಂಪಿಗೆ ಯಾರೂ ಬ್ರೇಕ್ ಹಾಕಲಿಲ್ಲ. ಮೂವರ ತಲೆಯೂ ಮೇಲಿನ ತಗಡಿಗೆ ಬಡಿಯಿತು. ಎರಡನೆಯದಕ್ಕೆ ಶಿವಗಂಗಮ್ಮ ಎಷ್ಟು ಜೋರಾಗಿ ಒತ್ತಿದಳೆಂದರೆ ನನ್ನ ಮೂಗು ಮುಂದಿನ ಸೀಟಿಗೆ ಜಜ್ಜಿತು. ಆದರೂ ಮಹಾಂತೇಶರ ಕಾಲು ಕೆಳಗಿಳಿಯಲಿಲ್ಲ. ಎರಡೂ ಕೈಯಲ್ಲಿ ತಮ್ಮ ಕಾಲಿನ ಹೆಬ್ಬೆರಳುಗಳನ್ನು ಹಿಡಿದುಕೊಂಡಿದ್ದರು. ಹಣೆಯಿಂದ ಬೆವರು ಇಳಿಯುತ್ತಿತ್ತು. ನಾಲ್ಕು ದಿನ ಹೀಗೆ ಕಳೆದ ಮೇಲೆ ದೊಡ್ಡ ರಸ್ತೆಗೆ ಬಂದೆವು.

ಐದನೆಯ ದಿನ ಬಸ್ತಿಹಳ್ಳಿ ಬಿಟ್ಟು ಸ್ವಲ್ಪ ದೂರ ಬಂದಿದ್ದೆವು. ಮುಂದೆ ಜೋಳದ ಮೂಟೆ ಹೇರಿಕೊಂಡು ಹೋಗುತ್ತಿದ್ದ ಟ್ರ್ಯಾಕ್ಟರ್ ಇದ್ದಕ್ಕಿದ್ದಂತೆ ನಿಂತಿತು. ಮಹಾಂತೇಶರ ಮೊಣಕಾಲು ಚಂಗನೆ ಮೇಲೆದ್ದದ್ದು ನನಗೆ ಕಂಡಿತು. ಒಂದು ಕ್ಷಣ ಅಷ್ಟೆ. ಕಣ್ಣು ಮುಚ್ಚಿಕೊಂಡು ಅದನ್ನು ಎರಡೂ ಕೈಯಿಂದ ಅದುಮಿ ಕೆಳಗೆ ಕೂರಿಸಿದರು. ಶಿವಗಂಗಮ್ಮ ಬ್ರೇಕ್ ಒತ್ತಿದಳು. ಮೂಟೆಗೆ ಎರಡು ಮಾರು ಹಿಂದೆ ಕಾರು ನಿಂತಿತು.

“ನಿಂತ್ಕಂತು ಸಾ” ಎಂದಳು.

ಅವರು ಕಣ್ಣು ತೆರೆದು ಆ ಎರಡು ಮಾರು ರಸ್ತೆಯನ್ನೇ ನೋಡಿದರು.

ಟೆಸ್ಟಿನ ದಿನ ಊರಾಚೆಯ ಬಯಲಿನಲ್ಲಿ ನಾನೂ ಮಹಾಂತೇಶರೂ ಬೇವಿನ ಮರದ ಕೆಳಗೆ ನಿಂತಿದ್ದೆವು. ನನ್ನ ಟೆಸ್ಟು ಇನ್ನೂ ಒಂದು ತಿಂಗಳು ಆಚೆ. ಅಲ್ಲಿಗೆ ಹೋದದ್ದು ಶಿವಗಂಗಮ್ಮನಿಗಾಗಿ. ಇನ್ಸ್‌ಪೆಕ್ಟರ್ ಎಡಗಡೆ ಹತ್ತಿ ಕೂತರು. ಕಾರು ಎಂಟರ ಆಕಾರದಲ್ಲಿ ಸುತ್ತಿ, ಹಿಂದಕ್ಕೆ ಸರಿದು, ದಿಬ್ಬ ಹತ್ತಿ, ನಮ್ಮ ಕಡೆಗೇ ಬಂತು. ಗೆರೆ ಹತ್ತಿರವಾದಂತೆ ಮಹಾಂತೇಶರ ಬಲಗಾಲು ಚಪ್ಪಲಿಯೊಳಗೇ ನೆಲವನ್ನು ಒತ್ತಿತು. ಕಾರು ಗೆರೆಗೆ ಸರಿಯಾಗಿ ನಿಂತಿತು. ಶಿವಗಂಗಮ್ಮ ಇಳಿದು ಬಂದು ಬಾಯಿ ತೆರೆಯುವ ಮೊದಲೇ ಅವಳ ಮುಖ ಎಲ್ಲ ಹೇಳಿತು. ಇನ್ಸ್‌ಪೆಕ್ಟರ್ ಮುಂದೆಯೇ ನನ್ನನ್ನು ತಬ್ಬಿಕೊಂಡು ಅತ್ತಳು. ಆಮೇಲೆ ಗಂಡನಿಗೆ ಫೋನ್ ಮಾಡಿ “ಭಾವುಂಗೆ ಹೇಳು, ಗಿರಾಕೀನ ಬ್ಯಾರೆ ಕಡೆ ಕಳುಸ್ಲಿ” ಎಂದಳು.

ಆ ಗದ್ದಲದಲ್ಲಿ ಮಹಾಂತೇಶ್ ಮರದ ಆಚೆ ಬದಿಗೆ ಹೋಗಿ ಫೋನ್ ಹಿಡಿದಿದ್ದರು. ಸುತ್ತ ಆಟೋಗಳ ಸದ್ದಿಗೆ ಕೇಳಿಸದೆ ಸ್ಪೀಕರ್ ಹಾಕಿಕೊಂಡಿದ್ದರು. ನಾನು ಕದ್ದು ಕೇಳಿದೆ. ಟೀಚರ್ ಹಾಗೆ ಮಾಡಬಹುದೇ ಎಂದರೆ, ಮಾಡಿದೆ.

“ಶರತ್, ಅವತ್ತು ಗಾಡಿ ತೊಂದ್ರೆ ಅಲ್ಲ ಕಣೋ. ನಾನು ನೂರಕ್ಕೇ ಬ್ರೇಕ್ ಹಾಕ್ದೆ. ಭಯ ಆಗಿ.”

ಆ ಕಡೆ ಟೈರಿಗೆ ಗಾಳಿ ತುಂಬುವ ಸದ್ದು ಮಾತ್ರ ಕೇಳುತ್ತಿತ್ತು. ಆಮೇಲೆ ದೊಡ್ಡ ದನಿಯೊಂದು ಬಂತು.

“ಗೊತ್ತು ಕಣೋ. ನಿನ್ನ ಹಿಂದೇನೇ ಇದ್ನಲ್ಲೋ ನಾನು.”

ಮಹಾಂತೇಶ್ ಮರಕ್ಕೆ ಒರಗಿದರು.

“ಇಷ್ಟು ಹೇಳೋಕೆ ಹದಿನೈದು ವರ್ಷ ಬೇಕಾಯ್ತಾ ನಿಂಗೆ? ಬಾ ಒಂದ್ಸಲ ಮೈಸೂರಿಗೆ. ಬರೋವಾಗ ನಿಮ್ಮಮ್ಮನ ಕೊಬ್ಬರಿ ಮಿಠಾಯಿ ತಗೊಂಡು ಬಾ.”

ಅವರು ಹೂಂ ಎಂದರು. ಮುಖ ಮುಚ್ಚಿಕೊಂಡು ಅಲ್ಲೇ ಕುಕ್ಕರುಗಾಲಲ್ಲಿ ಕೂತರು. ನಾನು ಶಿವಗಂಗಮ್ಮನನ್ನು ಕರೆದುಕೊಂಡು ಬಯಲಿನಂಚಿನ ಟೀ ಅಂಗಡಿಯ ಕಡೆ ಹೋದೆ. ಗಂಡಸು ಅಳುವಾಗ ನಿಂತು ನೋಡಬಾರದು.

ತಿರುಗಿ ಬರುವಾಗ ಸ್ಟೀರಿಂಗ್ ನನ್ನ ಕೈಯಲ್ಲಿತ್ತು. ಯಾರೂ ಹೇಳದೆಯೇ ಅವರು ಚಪ್ಪಲಿ ಬಿಟ್ಟು ಹಿಂದೆ ಕೂತ ಶಿವಗಂಗಮ್ಮನ ಕೈಗೆ ಕೊಟ್ಟು, ಕಾಲು ಮಡಿಸಿ ಕೂತರು. ಊರ ಬಾಗಿಲಿನ ಹಂಪ್ ಬಂತು. ನಾನೇ ಬ್ರೇಕ್ ಹಾಕಿದೆ. ಕ್ಲಚ್ ಒತ್ತುವುದು ಮರೆತು ಕಾರು ಗಕ್ಕೆಂದು ಆಫ್ ಆಯಿತು. ಹಿಂದಿನ ಮೊಪೆಡ್ಡಿನವನು ಹಾರ್ನ್ ಹೊಡೆದು ಬೈದುಕೊಂಡು ಹೋದ.

“ಪರವಾಗಿಲ್ಲ ಮೇಡಂ, ನಿಂತಿತಲ್ಲ” ಎಂದರು ಮಹಾಂತೇಶ್. ಅವರು ನಗುವುದನ್ನು ನಾನು ನೋಡಿದ್ದು ಅವತ್ತೇ ಮೊದಲು.